ತಣ್ಣನೆಯ ಎಂಜಿನ್, ಕೆಂಪಿನಲ್ಲಿ ಮುಳ್ಳು

ಬುಧವಾರ ಬೆಳಿಗ್ಗೆ ಏಳೂ ಮುಕ್ಕಾಲು. 1979ರ ಪದ್ಮಿನಿ ಕಾರಿನ ಟೆಂಪರೇಚರ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಎಂಜಿನ್ ಇನ್ನೂ ಸ್ಟಾರ್ಟ್ ಆಗಿರಲಿಲ್ಲ. ಜಂಬುಲಿಂಗಪ್ಪ ಕೀಲಿ ತಿರುಗಿಸಿದ್ದರು, ಅಷ್ಟೆ.

ಚಳ್ಳಕೆರೆಯಲ್ಲಿ ಮೂವತ್ತು ವರ್ಷ ಎಣ್ಣೆ ಮಿಲ್ ನಡೆಸಿದ ಅವರಿಗೆ ಯಂತ್ರದ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಹಿಂದಿನ ಸೀಟಿನದು. ಅಲ್ಲಿ ಹೆಂಡತಿ ಜಗದಾಂಬ ಮೊಳಕಾಲ್ಮೂರಿಗೆ ಹೊರಟು ಕೂತಿದ್ದರು. ಮೊಮ್ಮಗಳು ದೀಪಿಕಾಳ ಮದುವೆ ಸೀರೆ ಅಂದು ಮಗ್ಗದಿಂದ ಇಳಿಯಬೇಕು, ಅದೂ ಹನ್ನೆರಡಕ್ಕೆ ರಾಹುಕಾಲ ಹುಟ್ಟುವ ಮೊದಲು.

"ದಾರಿ ಮೇಲೆ ನಿಂತು ಕೊಡ ಹಿಡಿದು ನೀರು ಕೇಳಿದ್ದು ಸಾಕಾಗೈತೆ. ಇವತ್ತು ಮುಳ್ಳು ಇಳೀಲಿಲ್ಲ ಅಂದ್ರೆ ನಾನು ಬಸ್ಸಿಗೆ, ಗಾಡಿ ಮಾರಾಟಕ್ಕೆ. ಮಾತು ಕೊಟ್ಟೀರಿ, ನೆನಪೈತಾ?"

ಕೊಟ್ಟಿದ್ದರು. ಆದರೆ ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕರೆತಂದದ್ದು ಇದೇ ಕಾರಿನಲ್ಲಿ. ಜಂಬುಲಿಂಗಪ್ಪ ಕೂತಲ್ಲಿಂದಲೇ ಮೆಕ್ಯಾನಿಕ್‌ಗೆ ಫೋನ್ ಮಾಡಿದರು.

ಎಂಟಕ್ಕೆ ಮೆಕ್ಯಾನಿಕ್ ನೂರ್ ಅಹಮ್ಮದ್ ಬಂದರು. ರೇಡಿಯೇಟರ್ ಮೇಲೆ ಅಂಗೈ ಇಟ್ಟು ನಕ್ಕರು.

"ಮಡಕೆ ನೀರಿದ್ದಂಗೆ ಐತೆ ಸಾಹುಕಾರ್ರೆ. ಸುಳ್ಳು ಹೇಳ್ತಿರೋದು ಮುಳ್ಳು."

"ಹೋದ ತಿಂಗಳು ಬಿಸಿ ಅಳೆಯೋ ಸೆನ್ಸಾರ್ ಬದಲಿಸಿದ್ಯಲ್ಲೋ ಮಾರಾಯ?"

"ಅದನ್ನೇ ನೋಡಾಣ." ಅವರು ಸೆನ್ಸಾರಿನಿಂದ ವೈರ್ ಬಿಡಿಸಿದರು. "ಈಗ ಮುಳ್ಳು ಬೀಳಬೇಕು. ಬಿತ್ತಾ?"

"ಇಲ್ಲ. ಕೆಂಪಲ್ಲೇ ಐತೆ."

"ಹಂಗಾದ್ರೆ ಸೆನ್ಸಾರಿಂದು ತಪ್ಪಿಲ್ಲ. ಮಧ್ಯದಾಗೆ ವೈರ್ ಎಲ್ಲೋ ಗಾಡಿ ಕಬ್ಬಿಣಕ್ಕೆ ತಾಗೈತೆ, ಅದಕ್ಕೇ ಮುಳ್ಳು ಕೆಂಪಿಗೆ ಏರೈತೆ."

ಬೆರಳಿನಲ್ಲೇ ವೈರ್ ಹಿಡಿದು ಸಾಗಿದರು. ಹಿಂದೆ ಯಾರೋ ವೈರಿಂಗ್ ಬದಲಿಸುವಾಗ ಅದನ್ನು ಮುಂದಿನ ಜಾಲರಿಯ ಪಕ್ಕ ಹಾಯಿಸಿದ್ದರು. ಅಲ್ಲಿಗೆ ಬಂದ ಬೆರಳು ನಿಂತಿತು. ನೂರ್ ಅಹಮ್ಮದ್ ಹಿಂದಿನ ಸೀಟಿನತ್ತ ಒಮ್ಮೆ ನೋಡಿ, ಸಾಹುಕಾರರನ್ನು ಕೈಸನ್ನೆಯಲ್ಲಿ ಕರೆದರು.

ಜಂಬುಲಿಂಗಪ್ಪ ಇಳಿದು ಬಂದು ಬಗ್ಗಿದರು. ಜಾಲರಿಗೆ ದೃಷ್ಟಿಯ ನಿಂಬೆಹಣ್ಣು, ಮೆಣಸಿನಕಾಯಿ. ಪ್ರತಿ ಅಮಾವಾಸ್ಯೆಗೆ ಹೊಸದು ಕಟ್ಟುವವರು ಜಗದಾಂಬ. ದಾರ ಕಿತ್ತುಹೋಗುತ್ತದೆಂದು ಅವರು ಕಟ್ಟುತ್ತಿದ್ದುದು ಕಬ್ಬಿಣದ ತಂತಿಯಲ್ಲಿ. ಹಣ್ಣು ಬಿಸಾಡಿದರೂ ಹಳೆಯ ತಂತಿ ಬಿಚ್ಚುತ್ತಿರಲಿಲ್ಲ. ಹನ್ನೊಂದು ಸುತ್ತು ಇದ್ದವು. ಒಳಗಿನ ತುದಿ ವೈರಿನ ಸಿಪ್ಪೆ ಕೊರೆದು ತಾಮ್ರಕ್ಕೆ ಕೂತಿತ್ತು.

"ಇಳಿದು ಬಾ ಇಲ್ಲಿ. ನಿನ್ನ ಹನ್ನೊಂದು ಅಮಾಸೆ ನೋಡು ಬಾ!"

ಜಗದಾಂಬ ಬಂದು ನೋಡಿದರು. "ದೃಷ್ಟಿ ಆಗಬಾರ್ದು ಅಂತ ಕಟ್ಟಿದ್ದಪ್ಪ ನಾನು!"

"ದೃಷ್ಟಿ ಆಗ್ಲಿಲ್ಲ ಬಿಡು. ಮುಳ್ಳಿಗೆ ಜ್ವರ ಬಂತು."

ನೂರ್ ಅಹಮ್ಮದ್ ಕೆಮ್ಮಿ ನಗು ಮುಚ್ಚಿದರು. "ಗಾಡಿ ಇಷ್ಟು ವರ್ಷ ಓಡಿರೋದೂ ಅಮ್ಮಾರ ನಿಂಬೆಹಣ್ಣಿಂದ್ಲೇ ಇರಬೌದು ಸಾಹುಕಾರ್ರೆ."

"ಕೇಳಿದ್ರಾ?" ಎಂದು ಜಗದಾಂಬ ಗಂಡನ ಭುಜಕ್ಕೆ ಒಂದು ಕೊಟ್ಟರು. ಮರುಕ್ಷಣ ಅವರಿಗೇ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಬಾನೆಟ್ಟಿಗೆ ಒರಗಿಬಿಟ್ಟರು.

ತಂತಿ ಕತ್ತರಿಸಿ, ವೈರಿಗೆ ಟೇಪ್ ಸುತ್ತಿ, ಸೆನ್ಸಾರಿಗೆ ಮತ್ತೆ ಸಿಕ್ಕಿಸಿದ್ದಾಯಿತು. ಕೀಲಿ ತಿರುಗಿಸಿದಾಗ ಮುಳ್ಳು ತಳದಲ್ಲೇ ಮಲಗಿತ್ತು. ಜಗದಾಂಬ ಈ ಸಲ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮೀಟರ್ ಕಾಯ್ದರು. ಮುಳ್ಳು ನಡುಮಧ್ಯ ದಾಟಲಿಲ್ಲ.

ಹತ್ತೂ ನಲವತ್ತಕ್ಕೆ ಕಾರು ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ನಿಂತಿತು. ಹನ್ನೊಂದಕ್ಕೆ ಸೀರೆ ಮಗ್ಗದಿಂದ ಇಳಿಯಿತು. ಮುಂದಿನ ಅಮಾವಾಸ್ಯೆಗೆ ನಿಂಬೆಹಣ್ಣನ್ನು ಹತ್ತಿಯ ದಾರದಲ್ಲಿ, ಹಿಂದಿನ ಬಂಪರಿಗೆ ಕಟ್ಟಲಾಯಿತು.