ಗಾಜಿನ ಕೋಣೆಯ ಚಿಲಕ

ವರ್ಷಕ್ಕೊಮ್ಮೆ ನಮ್ಮ ಚರ್ಚಿನಲ್ಲಿ ಮಕ್ಕಳನ್ನು ಸಭೆಗೆ ಸೇರಿಸಿಕೊಳ್ಳುತ್ತಾರೆ. ಪಾದ್ರಿಗಳು ಹೆಸರು ಕೂಗಿ, ತಲೆ ಮೇಲೆ ಕೈಯಿಟ್ಟು, "ಈ ಮಗು ನಮ್ಮದೆಂದು ಒಪ್ಪುತ್ತೀರಾ?" ಎಂದು ಕೇಳಬೇಕು. ಕೂತವರೆಲ್ಲ "ಒಪ್ಪುತ್ತೇವೆ" ಅನ್ನಬೇಕು. ನನ್ನ ಅಕ್ಕನಿಗೆ ಬೇಕಿದ್ದದ್ದು ಆ ಒಂದೇ ಮಾತು. ಅವಳ ಮಗಳಿಗೆ ನಾಲ್ಕು ವರ್ಷ, ಇನ್ನೂ ಮಾತು ಬಂದಿಲ್ಲ. ಖುಷಿಯಾದರೆ ಗಂಟಲೆತ್ತಿ ಕೂಗುತ್ತಾಳೆ. ಹಾಡು ಶುರುವಾದರಂತೂ ಮುಗಿಯಿತು. ನಾನು ಅವಳನ್ನು ಕಹಳೆ ಎಂದೇ ಕರೆಯುವುದು. ಓಣಿಯವರು ಅವಳನ್ನು ಕಂಡರೆ ಲೊಚಗುಟ್ಟುತ್ತಾರೆ. ಒಂದು ಕಡೆಯಾದರೂ ಜನ ಬಾಯ್ತುಂಬ ನಮ್ಮದು ಎನ್ನಲಿ ಎಂದು ಅಕ್ಕ ಕಾದಿದ್ದಳು.

ಮೊದಲ ಹಾಡಿಗೇ ಕಹಳೆ ಮೊಳಗಿತು. ಸಭೆಯ ಹಿರಿಯರು ಬೂಟು ಟಕಟಕ ಅನ್ನಿಸುತ್ತ ಬಂದರು.

"ಏನಮ್ಮಾ, ಮಗೂನ ಗಾಜಿನ ರೂಮಿಗೆ ಕರ್ಕೊಂಡ್ ಹೋಗು. ಯಾರಿಗೂ ಏನೂ ಕೇಳಿಸ್ತಿಲ್ಲ."

"ಅವಳ ಹೆಸರು ಕೂಗ್ತಾರಲ್ಲ ಅಣ್ಣಾ?"

"ಆಗ ನಾನೇ ಬಂದು ಬಾಗಿಲು ತೆಗೀತೀನಿ. ನಾನಿಲ್ವಾ?"

ನಾನು ಬಾಯಿ ತೆರೆದೆ. ಅಕ್ಕ ತೊಡೆ ಚಿವುಟಿದಳು. "ಲೋ, ಇವತ್ತೊಂದಿನ ಸುಮ್ನಿರೋ."

ಗಲಾಟೆ ಮಾಡುವ ಮಕ್ಕಳನ್ನು ಕೂರಿಸಲೆಂದು ಹಿಂದುಗಡೆ ಕಟ್ಟಿಸಿದ ಕೋಣೆ ಅದು. ಒಳಗಿನ ಸದ್ದು ಹೊರಗೆ ಬರದಷ್ಟು ದಪ್ಪ ಗಾಜು. ಹೊರಗಿನದು ಒಳಗೆ ಕೇಳಲೆಂದು ಹಾಕಿದ ಸ್ಪೀಕರ್ ಕೆಟ್ಟು ಎಷ್ಟೋ ಕಾಲವಾಯಿತು. ಮಕ್ಕಳು ಓಡಿ ಬರಬಾರದೆಂದು ಚಿಲಕ ಹೊರಗೆ ಮಾತ್ರ. ಅಕ್ಕ ಮಗಳನ್ನೆತ್ತಿಕೊಂಡು ಒಳಗೆ ಹೋದೊಡನೆ ಹಿರಿಯರು ಅದನ್ನು ಹಾಕಿದರು. ಚಿಲಕ ಹೊರಗಿರುವ ಕೋಣೆಗೆ ಬೇರೆ ಕಡೆ ಏನನ್ನುತ್ತಾರೆ? ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೇ ಗೊತ್ತು.

ಮಕ್ಕಳನ್ನು ಹತ್ತಿರ ಬಿಡದೆ ತಡೆದವರ ಮೇಲೆ ಯೇಸು ಸಿಟ್ಟಾದ ಕಥೆಯನ್ನು ಪಾದ್ರಿಗಳು ಹೇಳಿದರು. ಹಿರಿಯರು ಕಣ್ಣು ಮುಚ್ಚಿ ತಲೆದೂಗಿದರು. ಆಮೇಲೆ ಹೆಸರುಗಳು. ಅಕ್ಕನ ಮಗಳ ಹೆಸರು ಬಂದಾಗ ಹಿರಿಯರು ಮುಂದೆ ಯಾವನೋ ಅಪ್ಪನಿಗೆ ಫೋಟೋಕ್ಕೆ ಎಲ್ಲಿ ನಿಲ್ಲಬೇಕೆಂದು ತೋರಿಸುತ್ತಿದ್ದರು. "ಬಂದಿಲ್ಲವೇನೋ," ಎಂದು ಪಾದ್ರಿಗಳು ಮುಂದಿನ ಹೆಸರಿಗೆ ಹೋದರು.

ತಿರುಗಿ ನೋಡಿದೆ. ಕೇಳಿಸದಿದ್ದರೂ, ಮುಂದೆ ಮಕ್ಕಳು ಸಾಲಾಗಿ ನಿಂತದ್ದು ಅಕ್ಕನಿಗೆ ಕಾಣುತ್ತಿತ್ತು. ಕಹಳೆಯನ್ನು ಸೊಂಟಕ್ಕೇರಿಸಿಕೊಂಡು ಗಾಜಿಗೆ ಗುದ್ದುತ್ತಿದ್ದಳು. ಸದ್ದೇ ಇಲ್ಲ.

ಓಡಿದೆ. ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಹಿರಿಯರು ಬಂದು ತೋಳು ಹಿಡಿದರು.

"ಪ್ರಾರ್ಥನೆ ಶುರುವಾಯ್ತಪ್ಪಾ. ಮುಂದಿನ ವರ್ಷ ನೋಡೋಣ ಬಿಡು. ಆ ಮಗೂಗೆ ಇದೆಲ್ಲ ಏನು ಗೊತ್ತಾಗತ್ತೆ?"

"ನಿಮಗೇನು ಗೊತ್ತಾಗಿದೆ? ಕೈ ಬಿಡಿ, ಇಲ್ಲಾಂದ್ರೆ ನಿಮ್ಮನ್ನೇ ಒಳಗೆ ದಬ್ಬಿ ಚಿಲಕ ಜಡೀತೀನಿ!"

ಪ್ರಾರ್ಥನೆ ನಿಂತಿತು. ತಲೆಗಳೆಲ್ಲ ತಿರುಗಿದವು. ಬಾಗಿಲು ತೆಗೆದೆ. ಒಳಗಿದ್ದ ಬೇರೆ ಪುಂಡ ಮಕ್ಕಳೆಲ್ಲ ಕಲ್ಲು ಬಿದ್ದ ಜೇನುಗೂಡಿನಂತೆ ಎದ್ದು ಹೊರಬಿದ್ದರು. ಅಕ್ಕ ನನ್ನ ಕಡೆ ನೋಡಲೂ ಇಲ್ಲ. ಬೆಂಚುಗಳ ನಡುವೆ ನೇರ ನಡೆದು ಪಾದ್ರಿಗಳ ಮುಂದೆ ನಿಂತಳು.

ಪಾದ್ರಿಗಳ ಮುಖ ಬಿಳಿಚಿತ್ತು. ಕಹಳೆಯ ತಲೆ ಮೇಲೆ ಕೈಯಿಟ್ಟರು. "ಈ ಮಗು ನಮ್ಮದೆಂದು ಒಪ್ಪುತ್ತೀರಾ?"

ಅಲ್ಲೊಬ್ಬರು ಇಲ್ಲೊಬ್ಬರು ಗೊಣಗಿದರು. ಬೇರೆ ಮಕ್ಕಳಿಗೆ ಸೂರು ಹಾರುವಂತೆ ಕೂಗಿದ ಬಾಯಿಗಳೇ ಇವು!

"ಇನ್ನೊಂದ್ಸಲ ಕೇಳಿ ಅಯ್ಯನವ್ರೇ," ಅಂದಳು ಅಕ್ಕ. "ಇವರಿಗೆ ಸರಿಯಾಗಿ ಕೇಳಿಸಿಲ್ಲ ಅನ್ಸತ್ತೆ."

ಮತ್ತೆ ಕೇಳಿದರು. ನಾಚಿಕೆಗೋ, ಬೇಗ ಮುಗಿದರೆ ಸಾಕೆಂದೋ, ಈ ಸಲ ಎಲ್ಲರೂ ಕೂಗಿದರು. ಹಿರಿಯರ ತುಟಿ ಮಾತ್ರ ಅಲ್ಲಾಡಲಿಲ್ಲ. ಅಷ್ಟು ದನಿ ಒಟ್ಟಿಗೆ ಕೇಳಿದ ಖುಷಿಗೆ ಕಹಳೆ ಎಲ್ಲರನ್ನೂ ಮೀರಿಸಿ ಕೂಗಿದಳು.

ಅಕ್ಕ ಹಿಂದಕ್ಕೆ ಬರಲಿಲ್ಲ. ಮೊದಲ ಬೆಂಚಿನಲ್ಲಿದ್ದ ಹಿರಿಯರ ಹೆಂಡತಿಯ ಮುಂದೆ ಹೋಗಿ, "ಸ್ವಲ್ಪ ಸರ್ಕೊಳ್ಳಿ ಅಕ್ಕಾ," ಎಂದಳು.

ಆಕೆ ಕೈಚೀಲ ಎತ್ತಿಕೊಂಡು ಸರಿದರು.