ನೋಣಯ್ಯ ಕಟ್ಟಿದ ಕೊನೆಯ ಮುಡಿಗಳು

ಹೆಣ್ಣು ನೋಡಲು ಬಂದವರು ಮೊದಲು ಹೆಣ್ಣನ್ನು ನೋಡುವುದಿಲ್ಲ. ಚಾವಡಿಯಲ್ಲಿ ಕುಳಿತು, ಬೆಲ್ಲ ಕಚ್ಚಿ ನೀರು ಕುಡಿದು, ತಲೆಯೆತ್ತಿ ಅಟ್ಟವನ್ನು ನೋಡುತ್ತಾರೆ. ಅಲ್ಲಿ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಗಳು ಎಷ್ಟಿವೆ ಎಂದು ಕಂಡ ಮೇಲೆಯೇ ಕಣ್ಣು ಕೆಳಗಿಳಿಯುವುದು.

ತೋಡಾರಿನಿಂದ ಬಂದ ಧರ್ಣಪ್ಪನವರೂ ಹಾಗೆಯೇ ಮಾಡಿದರು. ಅವರು ಹುಡುಗನ ಸೋದರಮಾವ. ಅವರು ಹೂಂ ಅಂದರೆ ಮದುವೆ, ಉಹೂಂ ಅಂದರೆ ಇಲ್ಲ.

"ಐದು ಮುಡಿ!" ಎಂದರು ಧರ್ಣಪ್ಪ. "ನೋಣಯ್ಯ, ಈ ಬರಗಾಲದಲ್ಲಿ ದೇವರಿಗೆ ನಿಮ್ಮ ಮನೆಯ ದಾರಿ ಮಾತ್ರ ನೆನಪಿರುವ ಹಾಗೆ ಕಾಣ್ತದೆ."

"ಏನೋ, ಸ್ವಲ್ಪ ಸ್ವಲ್ಪ ಕೂಡಿಟ್ಟದ್ದು ಮಾರಾಯ್ರೆ," ಎಂದ ನೋಣಯ್ಯ.

"ನಮ್ಮಲ್ಲಿ ದಿನಾ ರೇಶನಿನ ಗೋಧಿ ಗಂಜಿ. ಉಣ್ಣಲಿಕ್ಕಾಗುವುದಿಲ್ಲ. ಗೋಡೆಗೆ ನಾಟಕದ ನೋಟೀಸು ಅಂಟಿಸಲಿಕ್ಕೆ ಆದೀತು."

ನೋಣಯ್ಯನ ಮಗಳು ಲೋಲಾಕ್ಷಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಧರ್ಣಪ್ಪ ಎದ್ದು ಏಣಿಗೆ ಕಾಲಿಟ್ಟರು. ಮುಡಿಯೊಂದಕ್ಕೆ ಅಂಗೈಯಿಂದ ಬಡಿದರು. ಶಬ್ದ ಸರಿಯಾಗಿತ್ತು. ಎರಡೂ ಕೈಯಿಂದ ಸ್ವಲ್ಪ ಎತ್ತಿ ನೋಡಿದರು. ಭಾರವೂ ಸರಿಯಾಗಿತ್ತು. ಆಗಲೇಬೇಕು. ಹೊಳೆಯ ಮರಳು ಎಷ್ಟು, ಮಿಲ್ಲಿನ ಹಿಂದಿನಿಂದ ತಂದ ಉಮಿ ಎಷ್ಟು ಎಂದು ಅಪ್ಪ ಹದಮಾಡಿ ತುಂಬುವಾಗ ಬೈಹುಲ್ಲನ್ನು ಹಿಡಿದು ಕೊಟ್ಟವಳು ಅವಳೇ.

ಅಪ್ಪನ ಕೆಲಸ ಮುಡಿ ಕಟ್ಟುವುದು. ಬೈಹುಲ್ಲು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗ ಬಿಗಿದು, ಮರದ ಕೊಡತಿಯಿಂದ ಬಡಿದು ಬಡಿದು ಗುಂಡಗೆ ಮಾಡುವುದು. ಕೊಯ್ಲು ಮುಗಿದರೆ ಧನಿಗಳ ಮನೆಯಿಂದ ಮನೆಗೆ ಅವನಿಗೆ ಕರೆ ಬರುತ್ತಿತ್ತು. ಕೂಲಿಯೂ ಅಕ್ಕಿಯೇ. ಅವನು ಕಟ್ಟಿದ ಮುಡಿ ಗೇಣಿಯಾಗಿ ಒಂದು ಮನೆಗೆ ಹೋಗಿ, ಅಲ್ಲಿಂದ ಸಾಲವಾಗಿ ಇನ್ನೊಂದು ಮನೆಗೆ ಹೋಗಿ, ಬಿಚ್ಚದೆಯೇ ವರ್ಷಗಟ್ಟಲೆ ಊರು ಸುತ್ತುತ್ತಿತ್ತು. ಒಳಗೆ ಏನುಂಟು ಎಂದು ಯಾರೂ ಕೇಳುತ್ತಿರಲಿಲ್ಲ. ಕಟ್ಟು ನೋಡಿದರೆ ಸಾಕಾಗಿತ್ತು.

ಮೊದಲು ಬಿ.ಸಿ.ರೋಡಿನ ಕಡೆ ಮಿಲ್ಲು ಬಂತು. ಧನಿಗಳು ಭತ್ತವನ್ನು ಲಾರಿಗೆ ಹೇರಿದರು, ಅಕ್ಕಿ ಗೋಣಿಯಲ್ಲಿ ತಿರುಗಿ ಬಂತು. ಸೇರು, ಕಳಸೆ ಹೋಗಿ ಕಿಲೋ ಬಂತು. ಆಮೇಲೆ ಭತ್ತದ ಪಾಲನ್ನು ಸರಕಾರಕ್ಕೆ ಒಪ್ಪಿಸುವ ಲೆವಿ ಬಂತು, ರೇಶನ್ ಕಾರ್ಡು ಬಂತು, ಹಡಗಿನಲ್ಲಿ ಅಮೆರಿಕದ ಗೋಧಿ ಬಂತು. ಅಕ್ಕಿ ಮಾತ್ರ ಬರಲಿಲ್ಲ. ಇದೆಲ್ಲ ಎಷ್ಟು ಬೇಗ ಆಯಿತೆಂದರೆ, ಒಳ್ಳೆಯ ವರ್ಷದಲ್ಲಿ ನೋಣಯ್ಯ ಹೊಸೆದಿಟ್ಟ ಹಗ್ಗ ಇನ್ನೂ ಮೂಲೆಯಲ್ಲಿ ಸುರುಳಿಯಾಗಿ ಬಿದ್ದಿತ್ತು. ಅದೇ ಹಗ್ಗದಿಂದ ಈ ಐದು ಮುಡಿಗಳನ್ನು ಕಟ್ಟಿದ್ದು.

ಧರ್ಣಪ್ಪ ಏಣಿಯಿಂದ ಇಳಿದು ಕೈ ಒರೆಸಿಕೊಳ್ಳುತ್ತಿದ್ದಾಗ ಅಂಗಳದಲ್ಲಿ ಸರಕಾರದ ಕರೆ ತರುವ ಊರಿನ ಉಗ್ರಾಣಿ ಮಾಯಿಲಪ್ಪ ಕಾಣಿಸಿಕೊಂಡ. ಅವನ ಹಿಂದೆ ರೆವೆನ್ಯೂ ಇನ್‌ಸ್ಪೆಕ್ಟರು. ಅವರ ಕೈಯಲ್ಲಿ ಗೋಣಿಗೆ ಚುಚ್ಚಿ ಕಾಳು ತೆಗೆದು ನೋಡುವ ಕಬ್ಬಿಣದ ಟೊಳ್ಳು ಸೂಜಿ.

"ನಿಮ್ಮಲ್ಲಿ ಅಕ್ಕಿ ಬಚ್ಚಿಟ್ಟಿದ್ದೀರಿ ಅಂತ ದೂರು ಬಂದಿದೆ," ಎಂದರು ಇನ್‌ಸ್ಪೆಕ್ಟರು. ತಲೆಯೆತ್ತಿದರು. ಅವರೂ ಅಟ್ಟವನ್ನೇ ನೋಡಿದರು. "ಓಹೋ. ಅದು ಅಕ್ಕಿಯೋ?"

ಉಮಿ ಎಂದರೆ ಸಾಕಿತ್ತು. ಎರಡು ಅಕ್ಷರ. ಅವರು ನಕ್ಕು ಹೋಗುತ್ತಿದ್ದರು. ನೋಣಯ್ಯ ಧರ್ಣಪ್ಪನವರ ಕಡೆ ನೋಡಿದ. ಆಮೇಲೆ ಬಾಗಿಲ ಕಡೆ ನೋಡಿದ. ಲೋಲಾಕ್ಷಿಗೆ ಆ ನೋಟ ತನ್ನನ್ನು ತೂಗುತ್ತಿದೆ ಅನ್ನಿಸಿತು.

"ಅಕ್ಕಿ ಸ್ವಾಮಿ," ಎಂದ ನೋಣಯ್ಯ.

ಮಾಯಿಲಪ್ಪ ಮುಡಿಗಳನ್ನು ಒಂದೊಂದಾಗಿ ಇಳಿಸಿದ. ಇನ್‌ಸ್ಪೆಕ್ಟರು ಸೂಜಿ ಎತ್ತಿದರು.

"ಅಲ್ಲಿ ಬೇಡ ಸ್ವಾಮಿ, ಹಗ್ಗ ಹರೀತದೆ," ಎಂದ ನೋಣಯ್ಯ. ಮುಡಿಯ ಹೆಗಲಿನ ಮೇಲೆ ಬೆರಳಿಟ್ಟು ತೋರಿಸಿದ. "ಇಲ್ಲಿ ಚುಚ್ಚಿ."

ಪ್ರತಿ ಮುಡಿಯ ಹೆಗಲಿನಲ್ಲಿ ಒಂದು ಸೇರು ನಿಜವಾದ ಅಕ್ಕಿ ಇತ್ತು. ಹೆಣ್ಣು ನೋಡಲು ಬಂದವರಲ್ಲಿ ಯಾರಾದರೂ ಕಡ್ಡಿ ಹಾಕಿ ನೋಡಿದರೆ ಎಂದು ಇಟ್ಟದ್ದು. ಅದಕ್ಕಾಗಿ ಅಪ್ಪ ಮಗಳು ಹಿಂದಿನ ಕೂಲಿಯಲ್ಲಿ ಉಳಿದಿದ್ದ ಅಕ್ಕಿಯನ್ನು ಉಣ್ಣದೆ ಎತ್ತಿಟ್ಟು ಗೋಧಿ ಬೇಯಿಸಿದ್ದರು. ಸೂಜಿಯ ಟೊಳ್ಳಿನಿಂದ ಕೆಂಪು ಕುಚ್ಚಲಕ್ಕಿ ಇನ್‌ಸ್ಪೆಕ್ಟರ ಅಂಗೈಗೆ ಜಾರಿತು. ಎಲ್ಲರೂ ಅದನ್ನೇ ನೋಡಿದರು. ಎಷ್ಟೋ ದಿನಗಳ ಮೇಲೆ ಅಷ್ಟು ಒಳ್ಳೆಯ ಅಕ್ಕಿ ನೋಡಿದ್ದು.

"ಮೊನ್ನೆ ನಾನು ಇದೇ ಜಗಲಿಯಲ್ಲಿ ಗೋಧಿ ಗಂಜಿ ಕುಡಿದೆನಲ್ಲ!" ಎಂದ ಮಾಯಿಲಪ್ಪ. "ಉಪ್ಪು ಮೆಣಸು ಕಚ್ಚಿಕೊಂಡು. ನೀನೂ ನನ್ನ ಜೊತೆ ಕುಡಿದೆ. ತಲೆಯ ಮೇಲೆ ಇಷ್ಟು ಇಟ್ಟುಕೊಂಡು, ನೋಣಯ್ಯ?"

ನೋಣಯ್ಯ ಸೂಜಿ ಚುಚ್ಚಿದ ತೂತನ್ನು ಬೆರಳಿನಿಂದ ಒತ್ತಿ ಮುಚ್ಚಿದ. ಇನ್‌ಸ್ಪೆಕ್ಟರು ಹೆಬ್ಬೆಟ್ಟು ಒತ್ತಿಸಿಕೊಂಡರು. ಇದು ಸರಕಾರಕ್ಕೆ ಸೇರುತ್ತದೆ, ಕೇಸು ಆಗುತ್ತದೆ ಎಂದರು. ಐದು ಮುಡಿಗಳೂ ಎತ್ತಿನ ಗಾಡಿಯಲ್ಲಿ ಹೋದವು.

ಲೋಲಾಕ್ಷಿ ಎಲ್ಲ ಮುಗಿಯಿತೆಂದುಕೊಂಡಳು. ಧರ್ಣಪ್ಪ ಎಲೆಯಡಿಕೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಕೇಸು ಎಲ್ಲ ಇದ್ದವರಿಗೆ ಆಗುವುದು," ಎಂದರು. "ಇಲ್ಲದವನ ಮನೆಗೆ ಸರಕಾರ ಯಾಕೆ ಬರ್ತದೆ? ಮಳೆಗೆ ಮೊದಲು, ಬೇಶ ತಿಂಗಳಲ್ಲಿ ಮದುವೆ ಮಾಡುವ. ಹುಡುಗಿಯನ್ನು ಕರೀರಿ, ನೋಡುವ."

ಅವಳು ಬಂದು ನಿಂತಳು. ಹುಡುಗನನ್ನು ಅವಳು ಒಮ್ಮೆ ಮೂಡುಬಿದಿರೆಯ ಬಸ್‌ನಿಲ್ದಾಣದಲ್ಲಿ ಕಂಡಿದ್ದಳು. ಅವಳು ಓಡಿ ಬರುವುದನ್ನು ನೋಡಿ, ಹೊರಡಲಿದ್ದ ಬಸ್ಸಿನ ಬಾಗಿಲಲ್ಲಿ ಒಂದು ಕಾಲಿಟ್ಟು, ಇನ್ನೊಂದು ಕಾಲನ್ನು ನೆಲದಿಂದ ಎತ್ತದೆ ನಿಂತಿದ್ದ. ಕಂಡಕ್ಟರ್ ಬೈದರೂ ಎತ್ತಿರಲಿಲ್ಲ. ಅವನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಅಷ್ಟು ಸಾಕು ಅನ್ನಿಸಿತ್ತು.

ಕೊನೆಯ ಬಸ್ಸು ಹೋಗಿದ್ದರಿಂದ ಧರ್ಣಪ್ಪ ಅಲ್ಲಿಯೇ ಉಳಿದರು. ಅವರು ಬಾವಿಯ ಕಡೆ ಹೋದಾಗ ಅವಳು ಕೇಳಿದಳು.

"ಅಪ್ಪ, ಬಿಚ್ಚಿದರೆ?"

"ಮುಡಿಯನ್ನು ಯಾರು ಬಿಚ್ತಾರೆ ಮಗಾ? ಬೆಳ್ತಂಗಡಿಯ ಗೋಡೌನಿಗೆ ಹೋಗ್ತದೆ. ಅಲ್ಲಿ ನೂರಾರು ಇರ್ತದೆ. ಅಲ್ಲಿಂದ ಎಲ್ಲಿಗೋ. ಬಿಚ್ಚುವಾಗ ನಿನಗೆ ಎರಡು ಮಕ್ಕಳಾಗಿರ್ತವೆ." ಅವನು ನಕ್ಕ. ಆ ನಗುವಿನಲ್ಲಿ ಸುಳ್ಳಿರಲಿಲ್ಲ. ಅವನು ನಿಜವಾಗಿಯೂ ಹಾಗೆ ನಂಬಿದ್ದ.

ಬೆಳಿಗ್ಗೆ ಊರಿಗೆ ಊರೇ ಚೀಲ ಹಿಡಿದು ರೇಶನ್ ಅಂಗಡಿಯ ಕಡೆ ನಡೆಯುತ್ತಿತ್ತು. ಬೆಳ್ತಂಗಡಿಯ ಗೋಡೌನು ಖಾಲಿ, ಸಿಕ್ಕಿದ ಅಕ್ಕಿಯನ್ನು ಸಿಕ್ಕಿದಲ್ಲಿಯೇ ಹಂಚುವುದು ಎಂದು ಹುಕುಂ ಆಗಿದೆಯಂತೆ. ಮಾಯಿಲಪ್ಪ ನೋಣಯ್ಯನನ್ನೂ ಬರಹೇಳಿದ. ಲೋಲಾಕ್ಷಿ ಅಪ್ಪನ ಹಿಂದೆ ಹೋದಳು. ಬಸ್ಸಿಗೆ ಅದೇ ದಾರಿಯಾದ್ದರಿಂದ ಧರ್ಣಪ್ಪನವರೂ ಕೊಡೆ ಹಿಡಿದು ಜೊತೆಗೆ ಬಂದರು.

ಸಾಲಿನಲ್ಲಿ ಮುಂದೆ ನಿಂತಿದ್ದವಳು ಪಕ್ಕದ ಮನೆಯ ರುಕಿಯಾ. ಅವಳಿಗೆ ಹೆರಿಗೆಯಾದ ಸೊಸೆ ಮನೆಯಲ್ಲಿದ್ದಳು.

"ಏನು ಸಾವ್ಕಾರ್ತಿ, ನೀನೂ ಚೀಲ ತಂದಿದ್ದೀಯಾ?" ಎಂದಳು ರುಕಿಯಾ. "ಒಂದು ಹಿಡಿ ಬಾಣಂತಿಗೆ ಅಂತ ಕೇಳಿದ್ದೆ. 'ಇಲ್ಲ ರುಕಿಯಕ್ಕಾ' ಅಂದೆ ನೀನು. ಕಣ್ಣಲ್ಲಿ ನೀರು ಬೇರೆ ತಂದೆ. ದೂರು ಕೊಟ್ಟದ್ದು ನಾನೇ. ಹೇಳು ನಿನ್ನ ಅಪ್ಪನಿಗೆ."

ಅಂಗಡಿಯವನು ಕತ್ತಿಯಿಂದ ಮೊದಲ ಮುಡಿಯ ಹಗ್ಗ ಕಡಿದ. ಕೆಂಪಕ್ಕಿ ಬುಳಬುಳನೆ ಸುರಿಯಿತು. ಹೆಂಗಸರು ಒಂದು ಹೆಜ್ಜೆ ಮುಂದೆ ಬಂದರು. ಅದರ ಹಿಂದೆ ಉಮಿ ಸುರಿಯಿತು. ಆಮೇಲೆ ಮರಳು. ಮರಳು ತುಂಬ ಹೊತ್ತು ಸುರಿಯಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು ಎಂದು ಲೋಲಾಕ್ಷಿಗೆ ಅನ್ನಿಸಿತು.

ಧರ್ಣಪ್ಪ ಮುಂದೆ ಬಂದು ಕೊಡೆಯ ತುದಿಯಿಂದ ಉಮಿಯನ್ನು ಕೆದಕಿದರು. ಮೆಲ್ಲಗೆ ಹೇಳಿದರು: "ಕಟ್ಟು ಮಾತ್ರ ಚೆನ್ನಾಗಿತ್ತು ನೋಣಯ್ಯ."

ಅವರು ರಸ್ತೆಗೆ ಹೋಗಿ ನಿಂತರು. ಇತ್ತ ಬೆನ್ನು ಹಾಕಿಯೇ ನಿಂತರು. ಬಸ್ಸು ಬಂತು.

ಅಂಗಡಿಯವನು ಎರಡನೆಯ ಮುಡಿಗೆ ಕತ್ತಿ ಎತ್ತಿದಾಗ ನೋಣಯ್ಯ ಅವನ ಕೈ ಹಿಡಿದ.

"ಕಡೀಬೇಡ. ನಾನು ಬಿಚ್ಚಿ ಕೊಡ್ತೇನೆ."

ಅವನು ಕುಕ್ಕರುಗಾಲಲ್ಲಿ ಕುಳಿತು ಹಗ್ಗದ ತುದಿ ಹುಡುಕಿದ. ಸುತ್ತು ಸುತ್ತಾಗಿ ಬಿಚ್ಚಿ, ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡ. ಅಕ್ಕಿಯನ್ನು ಒಂದು ಕಡೆ ಸರಿಸಿದ, ಉಮಿಯನ್ನು ಇನ್ನೊಂದು ಕಡೆ. ಮೂರನೆಯದನ್ನು ಎಳೆದುಕೊಂಡ. ಅವಸರವೇ ಇರಲಿಲ್ಲ, ಧನಿಗಳ ಅಂಗಳದಲ್ಲಿ ಕೆಲಸಕ್ಕೆ ಕುಳಿತವನ ಹಾಗೆ. ಹೆಂಗಸರು ಯಾರೂ ಸಾಲು ಬಿಡಲಿಲ್ಲ. ಒಂದಾದರೂ ಪೂರಾ ಅಕ್ಕಿಯದು ಇದ್ದರೆ ಎಂದು ನಿಂತಿದ್ದರು. ಇಲ್ಲವೆಂದು ಗೊತ್ತಿದ್ದವಳು ಆ ಸಾಲಿನಲ್ಲಿ ಲೋಲಾಕ್ಷಿ ಒಬ್ಬಳೇ. ಐದನೆಯದರ ಕಟ್ಟು ಬಿಚ್ಚುವಾಗ ಅವಳೂ ಉಸಿರು ಹಿಡಿದಳು.

ಐದು ಹೆಗಲುಗಳ ಅಕ್ಕಿ ಗೋಣಿಯ ಮೇಲೆ ಒಂದು ಸಣ್ಣ ಗುಡ್ಡೆಯಾಯಿತು. ಅಂಗಡಿಯವನು ತಕ್ಕಡಿ ಬದಿಗಿಟ್ಟು ಕೈಯಿಂದಲೇ ಹಂಚಿದ. ಮನೆಗೊಂದು ಹಿಡಿ. ರುಕಿಯಾ ತನ್ನ ಹಿಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಲೋಲಾಕ್ಷಿಯ ಮುಂದೆ ನಿಂತಳು. ಅವಳ ಕೈಯಿಂದ ಚೀಲ ಕಿತ್ತುಕೊಂಡು ಅಂಗಡಿಯವನ ಮುಂದೆ ಅಗಲಿಸಿ ಹಿಡಿದಳು.

"ಇವಳಿಗೂ ಹಾಕು," ಎಂದಳು. "ಇವಳ ಮನೆಗೂ ಕಾರ್ಡು ಉಂಟು."