ತಗೊಂಡೆ ಅಲ್ಲ, ತಗೋತೀನಿ

ಹಡಗು ಬಂತು, ಪಾದ್ರಿ ಬರಲಿಲ್ಲ.

ದ್ವೀಪದ ಸುತ್ತಲಿನ ಹವಳದ ದಿಬ್ಬದಾಚೆ ಲಂಗರು ಹಾಕಿದ ಹಡಗಿನಿಂದ ದೋಣಿಗಳು ಅಕ್ಕಿ, ಹಿಟ್ಟು, ಸೀಮೆಎಣ್ಣೆ ಎಲ್ಲವನ್ನೂ ದಡಕ್ಕೆ ತಂದವು. ಕೊನೆಯ ದೋಣಿಯಲ್ಲಿ ಪಾದ್ರಿಯ ಬದಲು ಸುದ್ದಿ ಇಳಿಯಿತು: ಫಾದರ್ ಮಿಕಾಯೆರೆ ರಾಜಧಾನಿ ತರಾವಾದಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾರೆ, ಇನ್ನು ಮೂರು ತಿಂಗಳು ಯಾರೂ ಬರುವ ಹಾಗಿಲ್ಲ. ತಲೆಗೆ ಹೂದಂಡೆ ಮುಡಿದು ದಡದಲ್ಲಿ ಕಾಯುತ್ತಿದ್ದ ತೆರೆತಿಯಾ ಮರಳಿನ ಮೇಲೆ ಕುಸಿದು ಕೂತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವಳಿಗೆ ಐವತ್ತಾರು, ಗಂಡ ಆಂತೆರೆಯಾನಿಗೆ ಅರವತ್ತು. ಮೂವತ್ತೊಂದು ವರ್ಷದ ಸಂಸಾರ, ನಾಲ್ಕು ಮಕ್ಕಳು, ಏಳು ಮೊಮ್ಮಕ್ಕಳು. ಇಗರ್ಜಿಯ ಮದುವೆಯೊಂದು ಮಾತ್ರ ಇಲ್ಲ. ಆಂತೆರೆಯಾ ಪರದೇಶದ ಸರಕು ಹಡಗುಗಳಲ್ಲಿ ದುಡಿಯುತ್ತಿದ್ದ. ಪಾದ್ರಿ ಬಂದಾಗ ಅವನು ಸಮುದ್ರದಲ್ಲಿ, ಅವನು ಬಂದಾಗ ಪಾದ್ರಿ ಇನ್ನೊಂದು ದ್ವೀಪದಲ್ಲಿ. ಕೆಲಸ ಬಿಟ್ಟು ಬಂದ ಮೇಲೆ ನಾಚಿಕೆ ಶುರುವಾಯಿತು. "ಮೊಮ್ಮಕ್ಳ ಮುಂದೆ ಮದುಮಗ ಆಗ್ಲೇನೇ?" ಎಂದು ಜಾರಿಕೊಳ್ಳುತ್ತಿದ್ದ. ಇಗರ್ಜಿಯ ಮದುವೆ ಆಗದವರಿಗೆ ಪರಮಪ್ರಸಾದ ಕೊಡುವುದಿಲ್ಲ. ಭಾನುವಾರ ಅದಕ್ಕೆ ಎಲ್ಲರೂ ಎದ್ದಾಗ ತೆರೆತಿಯಾ ಕೂತಲ್ಲೇ ಮೊಣಕಾಲು ಮಡಚಿ ದಾರಿ ಬಿಡುತ್ತಿದ್ದಳು. ದೇವರನ್ನು ಬೈದವಳಲ್ಲ. ಹಡಗಿನವರನ್ನು ಮಾತ್ರ ಬಾಯಿಗೆ ಬಂದಂತೆ ಬೈದಿದ್ದಾಳೆ, ಅದು ದೇವರಿಗೂ ಗೊತ್ತು.

ಈಗ ಆಂತೆರೆಯಾನ ಎದೆ ಕೈಕೊಟ್ಟಿತ್ತು. ಇದೇ ಹಡಗು ಸಂಜೆಯ ಉಬ್ಬರಕ್ಕೆ ಅವನನ್ನು ಕರೆದೊಯ್ಯಬೇಕು. ತರಾವಾಗೆ ಮೂರು ದಿನದ ದಾರಿ, ಅಲ್ಲಿಂದ ಫಿಜಿ, ಫಿಜಿಯಲ್ಲಿ ಎದೆ ಬಿಚ್ಚಿ ಆಪರೇಷನ್ ಮಾಡುತ್ತಾರೆ. ಆ ಸುದ್ದಿ ತಿಳಿದ ದಿನ ಅವನೇ ಹೇಳಿದ್ದ, "ಹೋಗೋ ಮುಂಚೆ ಮದ್ವೆ ಆಗ್ಬಿಡೋಣ ಕಣೇ." ಅಷ್ಟು ವರ್ಷಕ್ಕೆ ಮೊದಲ ಸಲ ಅವನಾಗಿ ಕೇಳಿದ್ದು ಅದು. ಹಂದಿ ಬೆಂದಿತ್ತು, ಊರ ಚಾವಡಿಯಲ್ಲಿ ಕೇದಗೆಯ ಹೊಸ ಚಾಪೆ ಹಾಸಿತ್ತು, ಮೂರು ಊರಿನ ನೆಂಟರು ಸೇರಿದ್ದರು.

"ಎಲ್ರಿಗೂ ಊಟ ಹಾಕಿ ಕಳಿಸ್ಬಿಡಿ," ಎಂದಳು ತೆರೆತಿಯಾ. "ನನ್ನ ಹಣೇಲಿ ಬರೆದಿಲ್ಲ."

"ಅಳೋದೆಲ್ಲ ಆಮೇಲೆ ಅಕ್ಕಾ. ಎದ್ದು ರೇಡಿಯೋ ಹತ್ರ ಬಾ," ಎಂದ ತಿಮೋನ್. ಪಾದ್ರಿ ಇಲ್ಲದ ದಿನ ಇಗರ್ಜಿಯಲ್ಲಿ ಪ್ರಾರ್ಥನೆ ನಡೆಸುವ ಉಪದೇಶಿ ಅವನು. ಧರ್ಮಸಭೆಯ ನಿಯಮದ ಪುಸ್ತಕವನ್ನು ಹಾಳೆ ಸವೆಯುವಷ್ಟು ಓದಿದವನು.

ತರಾವಾದವರ ಜೊತೆ ಮಾತಾಡಲು ಇದ್ದ ಪಂಚಾಯಿತಿಯ ರೇಡಿಯೋ ಎಂದರೆ ಊರೆಲ್ಲ ಕಿವಿಗೊಡುವ ಗುಟ್ಟು. ಕಿಟಕಿಯ ತುಂಬ ತಲೆಗಳು. ಗೊರಗೊರ ಸದ್ದಿನ ನಡುವೆ ಫಾದರ್ ದನಿ ಬಂತು.

"ಬೇಜಾರ್ ಮಾಡ್ಕೋಬೇಡಮ್ಮ ತೆರೆತಿಯಾ. ಒಂದು ತಿಂಗಳು ಪಾದ್ರಿ ಸಿಗೋ ಹಾಗೇ ಇಲ್ಲ ಅಂದ್ರೆ ಇಬ್ರು ಸಾಕ್ಷಿ ಮುಂದೆ ನೀವೇ ಮದುವೆ ಆಗ್ಬೋದು. ಓವರ್."

"ನೀವಿಲ್ದೆ ನಮಗೆ ಮದ್ವೆ ಕೊಡೋರ್ಯಾರು ಫಾದರ್?"

"ನಾನಿದ್ರೂ ಕೊಡ್ತಿರ್ಲಿಲ್ಲಮ್ಮ. ನಾನೂ ಸಾಕ್ಷಿ ಅಷ್ಟೇ. ಆ ಸಂಸ್ಕಾರಾನ ಗಂಡ ಹೆಂಡತಿಗೆ ಕೊಡ್ತಾನೆ, ಹೆಂಡತಿ ಗಂಡನಿಗೆ ಕೊಡ್ತಾಳೆ. ದೇವರು ಆ ಕೊಡೋದ್ರಲ್ಲೇ ಇರ್ತಾನೆ. ಹಂದೀಲಿ ನನ್ನ ಪಾಲು ಹಡಗಲ್ಲಿ ಕಳಿಸಿ, ಮರೀಬೇಡಿ. ಓವರ್."

ಕಿಟಕಿಯಲ್ಲಿ ನಗು. ತೆರೆತಿಯಾ ನಗಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು ಅವಳಿಗೆ. ತಿಮೋನನ ಕಡೆ ತಿರುಗಿದಳು. "ಇದನ್ನ ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?"

"ಹೇಳೋಣ ಅಂದ್ರೆ ನಿನ್ನ ಗಂಡ ನನ್ನ ಕಂಡ್ ತಕ್ಷಣ ತೆಂಗಿನಮರ ಹತ್ತಿಬಿಡ್ತಿದ್ನಲ್ಲಕ್ಕಾ!"

ಚಾವಡಿ ತುಂಬಿತು. ಸಾಕ್ಷಿಗೆ ಇಬ್ಬರು ಹಿರಿಯರು ಮುಂದೆ ಕೂತರು. ಮಾತು ಇಬ್ಬರ ಬಾಯಿಂದಲೇ ಬರಬೇಕು, ತಾನು ಹೇಳಿಕೊಡುವುದಿಲ್ಲ ಎಂದು ತಿಮೋನ್ ಎಚ್ಚರಿಸಿದ. ತೆರೆತಿಯಾ ತಿರುಗಿ ಗಂಡನನ್ನು ನೋಡಿದಳು. ಚಾವಡಿಯಲ್ಲಿ ಆಂತೆರೆಯಾ ಬಾಯಿ ಬಿಟ್ಟದ್ದನ್ನು ಅವಳು ಕಂಡೇ ಇರಲಿಲ್ಲ.

ಅವನು ಎದ್ದ. ಚಾವಡಿಯ ಪದ್ಧತಿಯಂತೆ ವಂದನೆಯಿಂದ ಶುರುಮಾಡಿದ. ಹಿರಿಯರಿಗೆ ವಂದನೆ, ಮೂರು ಊರಿನವರಿಗೆ ವಂದನೆ, ಹಂದಿ ಬೇಯಿಸಿದವರಿಗೆ, ಚಾಪೆ ಹೆಣೆದವರಿಗೆ, ತೆಂಗಿನ ನೀರಾ ಇಳಿಸಿದವರಿಗೆ ವಂದನೆ. ಒಂದೊಂದಕ್ಕೂ ಚಪ್ಪಾಳೆ. ಆಚೆ ನೀರು ಏರುತ್ತಿತ್ತು. "ಮೂವತ್ತೊಂದು ವರ್ಷದ ಹಿಂದೆ ಇವಳನ್ನ ಹೆಂಡತಿಯಾಗಿ ತಗೊಂಡೆ. ಅದಕ್ಕೂ ವಂದನೆ," ಎಂದು ಕೂತುಬಿಟ್ಟ. ಜೋರು ಚಪ್ಪಾಳೆ.

ತಿಮೋನ್ ಕೈ ತಟ್ಟಲಿಲ್ಲ. "ಆಗಲ್ಲ."

"ಏನೋ ಆಗಲ್ಲ?" ಎಂದಳು ಹಿಂದಿನಿಂದ ಒಬ್ಬಳು ಮುದುಕಿ.

"ತಗೊಂಡೆ ಅನ್ನೋದು ಹಳೇ ಸುದ್ದಿ ಅಜ್ಜಿ. ತಗೋತೀನಿ ಅನ್ಬೇಕು. ಈಗ. 'ಸಾಯೋವರೆಗೂ' ಅಂತಾನೂ ಸೇರಿಸ್ಬೇಕು."

"ಮೂವತ್ತೊಂದು ವರ್ಷ ಕಟ್ಕೊಂಡು ಬಾಳಿದ್ದು ಲೆಕ್ಕಕ್ಕಿಲ್ವೇನೋ, ಪುಸ್ತಕದ ಹುಳಾ?"

ಆಂತೆರೆಯಾ ಮತ್ತೆ ಎದ್ದ. ಈ ಸಲ ಚಾವಡಿಯ ಕಡೆ ನೋಡಲಿಲ್ಲ, ಅವಳ ಕಡೆ ನೋಡಿದ. "ತಪ್ಪಿ ಅಂದಿದ್ದಲ್ಲ ಕಣೇ. ಹಿಂದಿಂದು ಖಾತ್ರಿ ಇದೆ, ಅದಕ್ಕೇ ತಗೊಂಡೆ ಅಂದೆ. ಮುಂದಿಂದು ಏನಿದೆ ನನ್ನ ಹತ್ರ? ಮೂರು ದಿನ ಇದೆಯೋ ಏನೋ. ಮೂರು ದಿನದ ಗಂಡನ್ನ ಕಟ್ಕೊಂಡು ನೀನೇನ್ ಮಾಡ್ತೀಯ?"

ಇದು ನಾಚಿಕೆಯಲ್ಲ, ಭಯ ಎಂದು ತೆರೆತಿಯಾಳಿಗೆ ಹೊಳೆಯಿತು. ಇಷ್ಟು ವರ್ಷ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ಎಷ್ಟಿದೆ ಅಂತ ನಾನು ಕೇಳಿದ್ನಾ?" ಎಂದಳು. "ಇರೋಷ್ಟನ್ನೂ ಕೊಡು. ಅದಕ್ಕೇ ತಾನೇ ಮದ್ವೆ ಅನ್ನೋದು?"

ಅವನು ಅವಳ ಕೈ ಹಿಡಿದ. "ತಗೋತೀನಿ ತೆರೆತಿಯಾ, ಹೆಂಡತಿಯಾಗಿ. ಸುಖ ಆಗ್ಲಿ, ಕಾಯಿಲೆ ಆಗ್ಲಿ. ಸಾಯೋವರೆಗೂ."

"ನಾನೂ ತಗೋತೀನಿ, ಗಂಡನಾಗಿ. ಸಾಯೋವರೆಗೂ," ಎಂದಳು ತೆರೆತಿಯಾ. ಪಾದ್ರಿ ಬಂದಿದ್ದರೆ ಪುಸ್ತಕದ ಮಾತನ್ನು ಗಿಣಿಯಂತೆ ಒಪ್ಪಿಸಿ ಮುಗಿಸುತ್ತಿದ್ದ ಈ ಮನುಷ್ಯ. ಅವಳಿಗೆ ಫಾದರ್ ಅವರ ಮುರಿದ ಕಾಲಿನ ಮೇಲೂ ಪ್ರೀತಿ ಉಕ್ಕಿತು. ತಕ್ಷಣ ದೇವರಲ್ಲಿ ಕ್ಷಮೆ ಕೇಳಿ, ಆಮೇಲೆ ವಂದನೆ ಹೇಳಿದಳು, ಹೇಳಿದಷ್ಟೂ ಸಾಲದೆನಿಸಿತು. ಸಾಕ್ಷಿಯ ಹಿರಿಯರಿಬ್ಬರೂ ಎಲ್ಲರೆದುರೇ ಅಳುತ್ತಿದ್ದರು. ತಿಮೋನ್ ಮೂಗು ಒರೆಸಿಕೊಂಡು "ಆಯ್ತು, ಊಟಕ್ಕೆ ಏಳಿ," ಎಂದ.

ಉಂಡು ಏಳುವಷ್ಟರಲ್ಲಿ ದೋಣಿಯವನು ಕೂಗು ಹಾಕಿದ. ದಡದಲ್ಲಿ ತೆರೆತಿಯಾ, ಅಪ್ಪನ ಜೊತೆಗೆ ಹೊರಟಿದ್ದ ಮಗನ ಕೈಯಿಂದ ಚೀಲ ಕಿತ್ತುಕೊಂಡು ಲಂಗ ಎತ್ತಿ ನೀರಿಗಿಳಿದಳು.

"ಲೇ, ಫಿಜಿಗೆ ನಿನ್ನ ಕಾಗದ ಪತ್ರ ಆಗಿಲ್ಲ ಕಣೇ!" ಎಂದ ಆಂತೆರೆಯಾ.

"ತರಾವಾಗೆ ಕಾಗದ ಬೇಡ," ಎಂದಳು ಅವಳು, ದೋಣಿಯ ಅಂಚು ಹಿಡಿದು ಹತ್ತುತ್ತ. "ಸರ್ಕೊಂಡು ಕೂತ್ಕೋ. ಆ ಮೂರು ದಿನ ಈಗ ನಂದು."